ಡಾಕ್ಟರಾಗಲು ಹೊರಟವರು ಏನು ಒಯ್ಯಬೇಕು?



ನಮ್ಮಕ್ಕನಿಗೆ ಮೆಡಿಕಲ್ ಸೀಟು ಸಿಕ್ಕಿದೆ. ಮನೇಲಿ ಈಗ ಟ್ರಂಕು, ಬಿಳಿ ಕೋಟು, ದಪ್ಪ ದಪ್ಪ ಪುಸ್ತಕ ಇವುಗಳದ್ದೇ ಮಾತು. ಅಕ್ಕ ಮಾತ್ರ "ಹತ್ತನೇ ತನಕ ಕನ್ನಡದಲ್ಲಿ ಓದಿದವಳು, ಅಲ್ಲೆಲ್ಲ ಇಂಗ್ಲಿಷು, ಹ್ಯಾಂಗೆ?" ಅಂತ ಹೆದರಿದ್ದಾಳೆ.

ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಎಂಬ ಮೂರು ಮುಖ್ಯ ವಿಷಯಗಳು. ಅವುಗಳ ಇಂಗ್ಲಿಷ್ ಶಬ್ದ ದಿನಾ ಹತ್ತು ಬರೆದರೆ ಬಂದೇ ಬರುತ್ತವೆ. ಆದರೆ ರೋಗಿಯ ಭಾಷೆ? 2019ರ ಹೊಸ ಪಠ್ಯಕ್ರಮದಲ್ಲಿ ಹೊಸ ವಿದ್ಯಾರ್ಥಿಗಳಿಗೆ ಸ್ಥಳೀಯ ಭಾಷೆ ಕಲಿಸುವುದನ್ನೂ ಸೇರಿಸಿದರು. ಅಂದಮೇಲೆ ಅಕ್ಕನ ಕನ್ನಡ ಕೊರತೆ ಹೇಗಾದೀತು? ಅದೇ ಅವಳ ಬಂಡವಾಳ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ಕಾಡಿನ ಉಣುಗು ಕಚ್ಚಿ ಬರುತ್ತದೆ. ಜ್ವರ ಬಂದವರ ಹತ್ತಿರ "ದರಕು ತರಲು ಬೆಟ್ಟಕ್ಕೆ ಹೋಗಿದ್ದಿರಾ?" ಎಂದು ಕೇಳಬಲ್ಲ ಡಾಕ್ಟರಿಗೆ ಅನುಮಾನ ಬೇಗ ಬರುತ್ತದೆ.

ಅದಕ್ಕೇ ಅಕ್ಕಾ, ಹೋಗುವ ಮೊದಲು ಒಂದು ವಾರ ಅಜ್ಜಿಯ ಹತ್ತಿರ ಕೂತ್ಕೊ. ನೋವಿಗೆ ಅವಳು ಎಷ್ಟು ಹೆಸರಿಟ್ಟಿದ್ದಾಳೆ, ಬರೆದುಕೊ. ಇಂಗ್ಲಿಷು ಅಲ್ಲಿ ಸಿಗುತ್ತದೆ, ಇದನ್ನು ಇಲ್ಲಿಂದಲೇ ಒಯ್ಯಬೇಕು.

ಗೆಳೆಯರೇ, ಗುರುಗಳೇ, ನೀವೇನಂತೀರಿ?

– ಹತ್ತನೇ ತರಗತಿಯ ವಿದ್ಯಾರ್ಥಿನಿ, ಮಾಗೋಡು