ಕರಿಯ ತೊಲೆಗಳ ಮನೆ

ಗಂಡಹೆಂಡಿರ ವ್ಯಾಜ್ಯದಲ್ಲಿ ತೀರ್ಪುಗಾರನಾಗಿ ಕುಳಿತುಕೊಳ್ಳುವುದು ಬುದ್ಧಿವಂತರು ಮಾಡತಕ್ಕ ಕೆಲಸವಲ್ಲ. ಆದರೂ ಎರಡು ವರ್ಷಗಳ ಹಿಂದೆ, ಲಂಡನ್ನಿನ ಹೊರವಲಯದಲ್ಲಿರುವ ನನ್ನ ಅಕ್ಕನ ಮಗಳ ಮನೆಯಲ್ಲಿ, ಆ ಪೀಠವನ್ನು ನಾನು ಏರಬೇಕಾಯಿತು. ಅವರು ಕೊಂಡದ್ದು 1934ರಲ್ಲಿ ಕಟ್ಟಿದ ಮನೆ. ಕಡಿದಾದ ಹೆಂಚಿನ ಮಾಡು, ಬೀದಿಯ ಕಡೆಗೆ ಅದರ ತ್ರಿಕೋನ ಮುಖ, ಬಿಳಿಯ ಗೋಡೆಯ ಮೇಲೆ ಉದ್ದಕ್ಕೂ ಅಡ್ಡಕ್ಕೂ ಓರೆಯಾಗಿಯೂ ಕರಿಯ ತೊಲೆಗಳು. ದಲ್ಲಾಳಿಯ ಕಾಗದದಲ್ಲಿ ‘ಟ್ಯೂಡರ್ ಶೈಲಿಯ ಮನೆ’ ಎಂದು ಬರೆದಿತ್ತಂತೆ. ಅಳಿಯನಿಗೆ ಆ ಹೆಸರೇ ಸಾಕಾಯಿತು. ಹೊರಗಿದ್ದಂತೆ ಒಳಗೂ ಇರಬೇಕು, ಗೋಡೆಗಳಿಗೆ ಕಪ್ಪು ಓಕ್ ಹಲಗೆ, ಕೂರಲು ತೊಗಲಿನ ಕುರ್ಚಿ, ಅಗ್ಗಿಷ್ಟಿಕೆಯ ಮೇಲೆ ಜೋಡಿ ಕತ್ತಿ ಎಂಬುದು ಅವನ ಆಸೆ. ಅವಳಿಗೆ ಬೇಕಾದದ್ದು ಬೆಳಕು. “ವರ್ಷದಲ್ಲಿ ಆರು ತಿಂಗಳು ಸೂರ್ಯನನ್ನೇ ಕಾಣದ ಊರಲ್ಲಿ ಗುಹೆಯೊಳಗೆ ಕೂತಿರಬೇಕೇ, ಮಾವ?” ಎಂದಳು. ಬಾಗಿಲಿನಿಂದ ಹಿಡಿದು ಎಲ್ಲವನ್ನೂ ಕಿತ್ತು ಗಾಜು, ಉಕ್ಕು, ಬಿಳಿಯ ಬಣ್ಣ ತರಬೇಕೆಂಬುದು ಅವಳ ಪಕ್ಷ. “ಮಾವ, ನೀವು ಮೂವತ್ತು ವರ್ಷ ಷೇಕ್ಸ್‌ಪಿಯರನ ಪಾಠ ಹೇಳಿದವರು, ನೀವೇ ಹೇಳಿ” ಎಂದ ಅವನು.

ನಾಟಕದ ಪಾಠ ಹೇಳುವುದಕ್ಕೂ ಮನೆಯ ಗೋಡೆಗೂ ಏನು ಸಂಬಂಧವೋ ನನಗೆ ತಿಳಿಯದು. ಆದರೆ ನನ್ನ ಕೆಲಸವನ್ನು ಗಾಳಿಯೇ ಅರ್ಧ ಮುಗಿಸಿಕೊಟ್ಟಿತು. ಒಂದು ರಾತ್ರಿ ಬಿರುಗಾಳಿ ಬೀಸಿ, ಬೆಳಗ್ಗೆ ಎದ್ದು ನೋಡಿದರೆ ತೊಲೆಯೊಂದು ಹೂವಿನ ಪಾತಿಯಲ್ಲಿ ಬಿದ್ದಿತ್ತು. ಎತ್ತಿ ನೋಡಿದೆವು. ಅದು ತೊಲೆಯಲ್ಲ, ಅಂಗುಲ ದಪ್ಪದ ಹಲಗೆ. ಬಿದ್ದ ಜಾಗದಲ್ಲಿ ಸಾಧಾರಣವಾದ ಕೆಂಪು ಇಟ್ಟಿಗೆಯೂ ನಾಲ್ಕು ತುಕ್ಕು ಹಿಡಿದ ಮೊಳೆಗಳೂ ಇದ್ದವು. ಮನೆ ಕಿಂಚಿತ್ತೂ ಅಲುಗಿರಲಿಲ್ಲ. ಅಳಿಯನ ಮುಖ ನೋಡಿ ನನಗೆ ಮರುಕವಾಯಿತು.

ನಿಜವಾದ ಟ್ಯೂಡರ್ ಮನೆಯಲ್ಲಿ ತೊಲೆ ಬಿದ್ದರೆ ಮನೆಯೇ ಬೀಳುತ್ತದೆ. 1485ರಿಂದ 1603ರವರೆಗೆ ಆ ಅರಸುಮನೆತನದವರು ಆಳಿದ ಕಾಲದಲ್ಲಿ, ಕಲ್ಲು ಇಟ್ಟಿಗೆ ದುಬಾರಿಯಾಗಿದ್ದ ಕಡೆಗಳಲ್ಲೆಲ್ಲ, ಜನ ಮೊದಲು ಓಕ್ ಮರದ ಹಂದರವನ್ನು ನಿಲ್ಲಿಸುತ್ತಿದ್ದರು. ಒಂದು ಮರದ ತುದಿಯನ್ನು ಇನ್ನೊಂದರ ರಂಧ್ರದಲ್ಲಿ ಕೂಡಿಸಿ ಮರದ ಗೂಟ ಬಡಿಯುವುದು, ನಡುವಣ ಬಯಲಿಗೆ ಕಡ್ಡಿಗಳ ತಟ್ಟಿ ಹೆಣೆದು ಮಣ್ಣು, ಸೆಗಣಿ, ಹುಲ್ಲಿನ ಚೂರು ಕಲಸಿ ಮೆತ್ತುವುದು, ಮೇಲೆ ಸುಣ್ಣ. ನಮ್ಮ ಹಳ್ಳಿಯ ತಟ್ಟಿಗೋಡೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆಂಗಳೂರಿನ ಅರಮನೆಯನ್ನೂ ಟ್ಯೂಡರ್ ಶೈಲಿಯದೆಂದೇ ಕರೆಯುತ್ತಾರೆ. ಆದರೆ ಅದರ ಗೋಪುರಗಳೂ ತೆನೆಗಳೂ ಕೋಟೆಯ ಕಡೆಯಿಂದ ಬಂದವು. ನಾನು ಹೇಳುತ್ತಿರುವುದು ರೈತನೂ ವರ್ತಕನೂ ಬಾಳಿದ ಮನೆಗಳ ಮಾತು.

ಆ ಕರಿಯ ಬಣ್ಣವನ್ನು ತಂದವರು ಯಾರು? ಇಲ್ಲಿ ಒಂದು ಸ್ವಾರಸ್ಯವಿದೆ. ಓಕ್ ಮರವನ್ನು ಬಿಸಿಲು ಮಳೆಗೆ ಬಿಟ್ಟರೆ ಅದು ಕಾಲಕ್ರಮದಲ್ಲಿ ಬೆಳ್ಳಿಯ ಬೂದುಬಣ್ಣಕ್ಕೆ ತಿರುಗುತ್ತದೆ. ಎಷ್ಟೋ ಕಡೆ ಅದನ್ನು ಹಾಗೆಯೇ ಬಿಡುತ್ತಿದ್ದರು, ಇಲ್ಲವೆ ಗೋಡೆಗೆ ಬಳಿದ ಸುಣ್ಣವನ್ನೇ ಮರದ ಮೇಲೂ ಎಳೆಯುತ್ತಿದ್ದರು. ಸಫೋಕ್ ಪ್ರಾಂತದ ಲಾವೆನ್‌ಹ್ಯಾಮ್ ಎಂಬ ಊರಿನಲ್ಲಿ ಅಂಥ ನರೆತ ತೊಲೆಗಳನ್ನು ಈಗಲೂ ಕಾಣಬಹುದು. ಮರಕ್ಕೆ ಡಾಂಬರು ಬಳಿದು ಗೋಡೆಯನ್ನು ಹಾಲಿನಂತೆ ಬಿಳಿಮಾಡುವ ಪದ್ಧತಿ ದೇಶದಲ್ಲೆಲ್ಲ ಹಬ್ಬಿದ್ದು 19ನೆಯ ಶತಮಾನದಲ್ಲಿ, ವಿಕ್ಟೋರಿಯಾ ರಾಣಿಯ ಪ್ರಜೆಗಳಿಂದ. ಎಂದರೆ, ಅಳಿಯನು ನಾಲ್ಕುನೂರು ವರ್ಷದ ಸಂಪ್ರದಾಯವೆಂದು ನಂಬಿದ್ದು ಅವನ ಮುತ್ತಜ್ಜನ ಕಾಲದ ಹೊಸ ಷೋಕಿ.

ಒಳಗಣ ಕತ್ತಲೆಯ ವಿಷಯವೂ ಹೀಗೆಯೇ. ಟ್ಯೂಡರ್ ಕಾಲದವರು ಬಣ್ಣವೆಂದರೆ ಪ್ರಾಣ ಬಿಡುತ್ತಿದ್ದವರು. ಗೋಡೆಯ ಮೇಲೆ ಚಿತ್ತಾರ ಬರೆಸಿದರು. ಶ್ರೀಮಂತರು ಚಿತ್ರಗಂಬಳಿ ತೂಗುಹಾಕಿದರೆ ಅದು ಕೈಗೆಟುಕದವರು ಬಣ್ಣ ಬರೆದ ಬಟ್ಟೆಯನ್ನು ತೂಗುಹಾಕಿದರು. ತುರ್ಕಿಯಿಂದ ಬಂದ ರತ್ನಗಂಬಳಿಯನ್ನು ತುಳಿಯುವುದಕ್ಕೆ ಮನಸ್ಸು ಬಾರದೆ ಮೇಜಿನ ಮೇಲೆ ಹಾಸುತ್ತಿದ್ದರಂತೆ. ಇನ್ನು ಕುರ್ಚಿಗಳೋ, ಮನೆಗೆ ಒಂದಿದ್ದರೆ ಹೆಚ್ಚು. ಉಳಿದವರಿಗೆ ಮಣೆ, ಬೆಂಚು, ಪೆಟ್ಟಿಗೆ. ತೊಗಲಿನ ಮೆತ್ತೆಯ ಕುರ್ಚಿಯಲ್ಲಿ ಒರಗಿ ತಮ್ಮನ್ನು ಸ್ಮರಿಸುವವರನ್ನು ಕಂಡರೆ ಅವರು ಬೆರಗಾಗುತ್ತಿದ್ದರು.

ಅವರು ಹೊಸದನ್ನು ಒಲ್ಲೆನೆಂದವರೂ ಅಲ್ಲ. ಎಸೆಕ್ಸ್ ಪ್ರಾಂತದ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಪ್ರಕಟವಾದ ತನ್ನ ಇಂಗ್ಲೆಂಡಿನ ವರ್ಣನೆಯಲ್ಲಿ, ತನ್ನ ಊರಿನ ಮುದುಕರು ತಮ್ಮ ಕಣ್ಣೆದುರೇ ನಡೆದ ಮೂರು ಬದಲಾವಣೆಗಳನ್ನು ಹೇಳಿ ಬೆರಗುಪಡುತ್ತಿದ್ದುದನ್ನು ದಾಖಲಿಸಿದ್ದಾನೆ. ಎಲ್ಲೆಲ್ಲೂ ಎದ್ದ ಹೊಗೆಗೂಡುಗಳು. ಮರದ ತುಂಡಿನ ಬದಲು ತಲೆದಿಂಬಿಟ್ಟು ಮಲಗುವ ಹಾಸಿಗೆ. ಮರದ ತಟ್ಟೆಯ ಬದಲು ಲೋಹದ ತಟ್ಟೆ. ಇಂದು ನಾವು ಪುರಾತನವೆಂದು ಕೈಮುಗಿಯುವ ಆ ಇಟ್ಟಿಗೆಯ ಹೊಗೆಗೂಡು ಅಂದು ಊರ ಮುದುಕರ ಕಣ್ಣಿಗೆ ಅತಿ ನವೀನ ವಸ್ತುವಾಗಿತ್ತು. ಇದನ್ನು ಓದಿದಂದಿನಿಂದ ‘ಸಾಂಪ್ರದಾಯಿಕ ಅಲಂಕಾರ’ ಎಂಬ ಮಾತನ್ನು ಕೇಳಿದಾಗಲೆಲ್ಲ ‘ಯಾವ ವರ್ಷದ ಸಂಪ್ರದಾಯ?’ ಎಂದು ಕೇಳಬೇಕೆನಿಸುತ್ತದೆ.

ಆದರೆ ಹಲಗೆಗೆ ಮೊಳೆ ಹೊಡೆದು ತೊಲೆಯೆಂದು ತೋರಿಸಿದವರನ್ನು ನೋಡಿ ನಗುವ ಪಂಡಿತರ ಗುಂಪಿಗೂ ನಾನು ಸೇರಲಾರೆ. 1849ರಷ್ಟು ಹಿಂದೆಯೇ ರಸ್ಕಿನ್ ಕಟ್ಟಡದಲ್ಲಿ ಸತ್ಯ ಬೇಕು, ಇಲ್ಲದ್ದನ್ನು ಇದ್ದಂತೆ ತೋರಿಸುವುದು ಪಾಪವೆಂದು ಗುಡುಗಿದ್ದ. 1938ರಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಈ ಬಗೆಯ ಮನೆಗಳಿಗೆ ‘ಷೇರುದಲ್ಲಾಳಿಯ ಟ್ಯೂಡರ್’ ಎಂಬ ಅಡ್ಡಹೆಸರಿಟ್ಟು ದೇಶವನ್ನೇ ನಗಿಸಿದ. ನಗಲಿ. ಆದರೆ ಎರಡು ಮಹಾಯುದ್ಧಗಳ ನಡುವೆ ಆ ದೇಶದಲ್ಲಿ ಎದ್ದ ಸುಮಾರು 40 ಲಕ್ಷ ಮನೆಗಳಲ್ಲಿ ಎಷ್ಟೋ ಮನೆಗಳನ್ನು ಕೊಂಡವರು ಗುಮಾಸ್ತರು, ಉಪಾಧ್ಯಾಯರು, ಅಂಗಡಿಯವರು. ಮೊದಲನೆಯ ಯುದ್ಧದ ಕಂದಕಗಳಿಂದ ಜೀವಸಹಿತ ಹಿಂದಿರುಗಿದವರೂ ಅವರಲ್ಲಿದ್ದರು. ಅವರಿಗೆ ಏನೂ ಕೆಡದಿದ್ದ ಒಂದು ಕಾಲದ ಚಿತ್ರ ಬೇಕಾಗಿತ್ತು. ಅದು ಅಂಗುಲ ದಪ್ಪದ್ದಾದರೂ ಸರಿ.

ಸುಳ್ಳು ನಿಜಗಳ ಗೆರೆಯೂ ಪಂಡಿತರು ಎಣಿಸಿದಷ್ಟು ನೇರವಲ್ಲ. ಲಂಡನ್ನಿನ ಲಿಬರ್ಟಿ ಅಂಗಡಿಯ ಟ್ಯೂಡರ್ ಕಟ್ಟಡವನ್ನು ನೋಡಲು ಹೋಗಿದ್ದೆ. ಪೌರ್ವಾತ್ಯ ರೇಷ್ಮೆಯನ್ನೂ ಕಲಾವಸ್ತುಗಳನ್ನೂ ಮಾರುವುದಕ್ಕೆಂದು 1875ರಲ್ಲಿ ಆರಂಭವಾದ ಅಂಗಡಿ ಅದು. ಅದರ ಈ ಕಟ್ಟಡ 1924ರದು. ಅದಕ್ಕೆ ಬಳಸಿದ ಮರ ಎರಡು ಹಳೆಯ ಯುದ್ಧನೌಕೆಗಳನ್ನು ಒಡೆದು ತಂದದ್ದು, ಅವುಗಳಲ್ಲೊಂದರ ಹೆಸರು ‘ಹಿಂದೂಸ್ತಾನ್’. ಮರ ನಿಜ, ಹಡಗು ನಿಜ, ಕಾಲ ಮಾತ್ರ ಕಲ್ಪಿತ. ಅಲ್ಲಿಯ ಮೆಟ್ಟಿಲ ಕಟಕಟೆಯ ಮೇಲೆ ಕೈಯಿಟ್ಟು ನಿಂತಾಗ ಇದನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಎಲ್‌ಥಮ್ ಅರಮನೆಯಲ್ಲಿ. ಅಲ್ಲಿಯ ದೊಡ್ಡ ಹಜಾರ ಟ್ಯೂಡರರಿಗಿಂತ ತುಸು ಹಿಂದಿನದು, ನಾಲ್ಕನೆಯ ಎಡ್ವರ್ಡನು 1470ರ ದಶಕದಲ್ಲಿ ಕಟ್ಟಿಸಿದ್ದು. ಎಂಟನೆಯ ಹೆನ್ರಿ ಬಾಲ್ಯದಲ್ಲಿ ಅಲ್ಲಿಯೇ ಬೆಳೆದ. ಮುಂದೆ ಅದು ಕಣಜವಾಗಿ ಹಾಳುಬಿದ್ದಿತ್ತು. 1930ರ ದಶಕದಲ್ಲಿ ಕೋರ್ಟೋಲ್ಡ್ ದಂಪತಿಗಳು ಅದನ್ನು ಗುತ್ತಿಗೆಗೆ ಹಿಡಿದು, ಹಜಾರವನ್ನು ದುರಸ್ತಿಮಾಡಿಸಿ, ಪಕ್ಕದಲ್ಲೇ ತಮ್ಮ ಕಾಲದ ಮನೆಯನ್ನು ಕಟ್ಟಿಸಿದರು. ಗಾಜಿನ ಗುಮ್ಮಟದ ಕೋಣೆ, ಗೋಡೆಯೊಳಗಿನ ಕೊಳವೆಯಿಂದ ಧೂಳೆಳೆಯುವ ಯಂತ್ರ, ತಾವು ಸಾಕಿದ ಲೀಮರ್ ಎಂಬ ಪ್ರಾಣಿಗೆ ಬಿಸಿ ಮಾಡಿದ ಗೂಡು! ಹಳೆಯದರ ಪಕ್ಕದಲ್ಲಿ ಹೊಸದು ತಾನು ಹೊಸದೆಂದೇ ಹೇಳಿಕೊಂಡು ನಿಂತಿದೆ, ಎರಡಕ್ಕೂ ಅವಮಾನವಾಗಿಲ್ಲ. ನನ್ನ ಕಣ್ಣಿಗೆ ಒಗ್ಗದೆ ಹೋದದ್ದು, ಹಜಾರದೊಳಗೆ ಅವರು ಹಳೆಯದರಂತೆ ತೋರುವ ಹಾಗೆ ಹೊಸದಾಗಿ ಸೇರಿಸಿದ ಗಾಯಕರ ಅಟ್ಟವೊಂದೇ.

ಹೀಗೆ ಹೇಳುವ ಯೋಗ್ಯತೆ ನನಗುಂಟೇ ಎಂದರೆ, ಇಲ್ಲ. ತೀರ್ಥಹಳ್ಳಿಯ ಕಡೆ ನಮ್ಮ ಹಿರಿಯರ ಮನೆಯ ಮಣ್ಣಿನ ಗೋಡೆಗಳಿಗೆ 1988ರಲ್ಲಿ ಸಿಮೆಂಟಿನ ಗಿಲಾವು ಮಾಡಿಸಿದವನು ನಾನೇ. ಈ ಹುಡುಗಿಯ ತಾಯಿ, ನನ್ನ ಅಕ್ಕ, “ಬೇಡವೋ, ಗೋಡೆಗೆ ಉಸಿರು ಕಟ್ಟುತ್ತೆ” ಎಂದಳು. ವರ್ಷವರ್ಷ ಮಣ್ಣು ಮೆತ್ತಿ ಸುಣ್ಣ ಬಳಿಯುವ ಕಷ್ಟ ಅವಳಿಗೇ ತಪ್ಪಲೆಂದು ನಾನು ಹಟ ಹಿಡಿದೆ. ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಒಳಹೊಕ್ಕ ನೀರು ಹೊರಬರಲಾರದೆ ಗೋಡೆ ಮೆತ್ತಗಾಯಿತು, ಕಂಬಗಳ ಬುಡ ಕೊಳೆಯಿತು, ಗೆದ್ದಲು ಬಂತು. ಈಗ ಅಲ್ಲಿ ಮನೆಯಿಲ್ಲ, ಅಕ್ಕನೂ ಇಲ್ಲ. ಇಂಗ್ಲೆಂಡಿನಲ್ಲಿಯೂ ಕಳೆದ ಶತಮಾನದಲ್ಲಿ ಅದೆಷ್ಟೋ ಓಕ್ ಹಂದರದ ಮನೆಗಳಿಗೆ ಹೀಗೆಯೇ ಸಿಮೆಂಟು ಮೆತ್ತಿ, ಒಳಗಿನ ಮರ ತೇವ ಹಿಡಿದು ಕೊಳೆತದ್ದನ್ನು ಕಂಡು, ಅದನ್ನು ಕೆರೆದು ಸುಣ್ಣದ ಗಾರೆಗೆ ಹಿಂದಿರುಗುತ್ತಿದ್ದಾರೆ. ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಸ್ಥಾಪಿಸಿದ ಪುರಾತನ ಕಟ್ಟಡಗಳ ರಕ್ಷಣಾ ಸಂಘವು ಹೇಳುತ್ತ ಬಂದಿರುವುದೂ ಇದನ್ನೇ: ದುರಸ್ತಿ ಮಾಡಿ, ನಟನೆ ಬೇಡ.

ಆದ್ದರಿಂದ ನನ್ನ ತೀರ್ಪು ಹೀಗಾಯಿತು. ನಿಜವಾದ ಟ್ಯೂಡರ್ ಮನೆಯಾಗಿದ್ದರೆ ಅದರ ಮೂಳೆಗೂ ಉಸಿರಿಗೂ ತೊಂದರೆಯಾಗದಂತೆ ನೋಡಿಕೊಂಡು, ಒಳಗೆ ಇಂದಿನ ದೀಪವನ್ನೋ ಕುರ್ಚಿಯನ್ನೋ ಧಾರಾಳವಾಗಿ ಇಡಬಹುದು. ಇದು ಹಾಗಲ್ಲದ ಮನೆ. ಇದಕ್ಕೆ 1534ರ ವೇಷ ಹಾಕುವುದು ಬೇಡ. ಇದು 1934ರದು, ಅದೇ ಇದರ ಸಂಪ್ರದಾಯ. ಮುಂಬಾಗಿಲಿನಲ್ಲಿ ಹಾಯಿಹಡಗಿನ ಬಣ್ಣದ ಗಾಜಿದೆ, ಅಗ್ಗಿಷ್ಟಿಕೆಗೆ ತಿಳಿಹಸುರು ಬಿಲ್ಲೆಗಳಿವೆ. ಇವನ್ನು ಯಾರೋ ಪ್ರೀತಿಯಿಂದ ಆರಿಸಿ ತಂದಿದ್ದಾರೆ, ಮುಟ್ಟಕೂಡದು. ಹೀಗೆಂದಾಗ ಅವಳ ಮುಖ ಚಿಕ್ಕದಾಯಿತು. ಹಲಗೆಗಳನ್ನು ಕೀಳಬೇಕಾಗಿಲ್ಲ, ಕರಿಯ ಬಣ್ಣವೂ ಬೇಕಾಗಿಲ್ಲ, ಕತ್ತಿಗಳಂತೂ ಖಂಡಿತ ಬೇಡ ಎಂದಾಗ ಅವನದೂ ಚಿಕ್ಕದಾಯಿತು.

ಕಳೆದ ತಿಂಗಳು ಚಿತ್ರಗಳು ಬಂದವು. ಹಲಗೆಗಳಿಗೆ ಬೂದುಬಣ್ಣ ಬಂದಿದೆ. ಬೆಳಗಿನ ಹೊತ್ತು ಹಡಗಿನ ಗಾಜಿನ ಕೆಂಪು ನೀಲಿ ನಡೆಯ ಬಿಳಿಗೋಡೆಯ ಮೇಲೆ ಬೀಳುತ್ತದಂತೆ. ಕತ್ತಿಗಳಿರಬೇಕಾಗಿದ್ದ ಜಾಗದಲ್ಲಿ ನಮ್ಮ ಹಳೆಯ ಮನೆಯ ಹಿತ್ತಾಳೆಯ ತೂಗುದೀಪವಿದೆ. ಅಕ್ಕ ಅದನ್ನು ಯಾವಾಗ ಮಗಳ ಕೈಗೆ ಕೊಟ್ಟಿದ್ದಳೋ ನನಗೆ ಗೊತ್ತಿರಲಿಲ್ಲ. ಊಟದ ಕೋಣೆಯ ಓಕ್ ಹಲಗೆಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅಳಿಯನು ಮೇಲ್ಮನವಿ ಸಲ್ಲಿಸುವವನಿದ್ದಾನೆ.