ಬೆಂಚ್ ಸಪ್ಲೈ: ಮೊದಲು ಆಂಪಿಯರ್ ನೋಡ್ರಿ

ಎಲೆಕ್ಟ್ರಾನಿಕ್ಸ್ ಹವ್ಯಾಸ ಹಚ್ಚಿಕೊಂಡ ಗೆಳೆಯರು ನನ್ನನ್ನ ಕೇಳೋದು ಒಂದೇ: ಬೆಂಚ್ ಪವರ್ ಸಪ್ಲೈ ಎಷ್ಟು ವೋಲ್ಟಿಂದು ತಗೋಬೇಕು? ವೋಲ್ಟ್ ಆಮೇಲೆ ನೋಡ್ರಿ. ಕರೆಂಟಿಗೆ ಮಿತಿ ಹಾಕುವ ಗುಂಡಿ ಇದೆಯಾ ಅಂತ ಮೊದಲು ನೋಡಿ.

ನಮ್ಮೂರು ಭೋಜದ ಉದಾಹರಣೆಯನ್ನೇ ಕೊಡ್ತೀನಿ. ದೂಧಗಂಗಾ, ವೇದಗಂಗಾ ನದಿಗಳ ನೀರು, ಕಬ್ಬಿನ ಗದ್ದೆ, ದಂಡೆಯ ಮೇಲೆ ಪಂಪ್‌ಸೆಟ್. ತ್ರೀ ಫೇಸ್ ರಾತ್ರಿ ಬಂತಂದ್ರೆ ಕಾಕಾ ಬ್ಯಾಟರಿ ಹಿಡ್ಕೊಂಡು ಕತ್ತಲಲ್ಲಿ ಅಲ್ಲೀತನಕ ನಡೀಬೇಕು. ಅದನ್ನ ತಪ್ಪಿಸೋಕೆ, ಫೋನ್ ಮಾಡಿದರೆ ಮೋಟಾರ್ ಚಾಲೂ ಆಗುವ ಬೋರ್ಡ್ ಒಂದನ್ನ ಮಾಡ್ತಿದ್ದೀನಿ. ಅದರೊಳಗಿನ ಸಿಮ್800ಎಲ್ ಮಾಡ್ಯೂಲಿಗೆ 3.4ರಿಂದ 4.4 ವೋಲ್ಟ್ ಬೇಕು. ಸುಮ್ಮನಿದ್ದಾಗ ಅದು ತಿನ್ನೋದು ಅತಿ ಕಡಿಮೆ. ಆದರೆ ನೆಟ್‌ವರ್ಕಿಗೆ ಸಿಗ್ನಲ್ ಕಳಿಸುವ ಕ್ಷಣ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಸಪ್ಲೈ ಆ ಕ್ಷಣ ಕುಸಿದರೆ ಮಾಡ್ಯೂಲ್ ರೀಸೆಟ್. ಕೋಡ್ ಎಷ್ಟು ತಿದ್ದಿದರೂ ಇದು ಸರಿಹೋಗೋದಿಲ್ಲ.

ಕಾಲೇಜಿನಲ್ಲಿ ಎಲ್ಲರೂ ಕಟ್ಟುವ ಎಲ್‌ಎಂ317 ಸರ್ಕ್ಯೂಟ್ ಇಲ್ಲಿ ಸಾಲದು, ಅದರ ಮಿತಿ 1.5 ಆಂಪಿಯರ್. ಮೇಲಾಗಿ 12 ವೋಲ್ಟನ್ನ 4ಕ್ಕೆ ಇಳಿಸಿ 1 ಆಂಪಿಯರ್ ಎಳೆದರೆ 8 ವ್ಯಾಟ್ ಬರೀ ಶಾಖ. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರಿಗೆ ಇನ್ನೊಂದು ತೊಡಕು. 230 ವೋಲ್ಟ್ ಇದ್ದಾಗ 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಬ್ರಿಡ್ಜ್ ದಾಟಿ ಸುಮಾರು 15.5 ಕೊಡುತ್ತದೆ. ಲೈನ್ 180ಕ್ಕೆ ಇಳಿದರೆ 12ನ್ನೂ ಮುಟ್ಟೋದಿಲ್ಲ.

ಹಳೆ ಕಂಪ್ಯೂಟರಿನ ಎಸ್‌ಎಂಪಿಎಸ್? ಹಸಿರು ತಂತಿಯನ್ನ ಕಪ್ಪಿಗೆ ಸೇರಿಸಿದರೆ ಚಾಲೂ ಆಗುತ್ತದೆ, ಪುಕ್ಕಟೆ ಬೇರೆ. ಆದರೆ ಶಾರ್ಟ್ ಆದಾಗ ಅದು ಹತ್ತು ಹದಿನೈದು ಆಂಪಿಯರನ್ನ ಆರಾಮಾಗಿ ನೂಕಬಲ್ಲದು. ತೆಳು ತಂತಿ, ಬೋರ್ಡಿನ ತಾಮ್ರ ಎರಡೂ ಸುಟ್ಟಾವು.

ನನ್ನ ಆಯ್ಕೆ ಹಳೆ ಲ್ಯಾಪ್‌ಟಾಪ್ ಅಡಾಪ್ಟರ್, ಅದರ ಮುಂದೆ ಎಕ್ಸ್‌ಎಲ್4015 ಬಕ್ ಮಾಡ್ಯೂಲ್. ಕೊಳ್ಳುವಾಗ ಎರಡು ಸ್ಕ್ರೂ ಇರುವುದನ್ನೇ ಕೇಳಿ: ಒಂದು ವೋಲ್ಟೇಜಿಗೆ, ಒಂದು ಕರೆಂಟಿಗೆ. ಅಡಾಪ್ಟರಿನ ಮೇಲೆ 100–240 ಅಂತ ಬರೆದಿರುತ್ತದೆ, ಹಾಗಾಗಿ ಸಂಜೆ ಲೈನ್ ಇಳಿದರೂ ಅದಕ್ಕೆ ಚಿಂತೆಯಿಲ್ಲ. 230 ವೋಲ್ಟಿನ ಭಾಗವನ್ನ ನಾವು ಬಿಚ್ಚೋದೂ ಬೇಡ. ಮನೇಲಿ ಮಕ್ಕಳಿದ್ದರೆ ಇದೊಂದೇ ಕಾರಣ ಸಾಕು ಅಂತೀನಿ. ಮಾಡ್ಯೂಲ್ 5 ಆಂಪಿಯರ್ ಅಂತ ಮಾರುತ್ತಾರೆ. ಹೀಟ್‌ಸಿಂಕ್ ಇಲ್ಲದೆ ನಾನಂತೂ ಅಷ್ಟು ನಂಬೋದಿಲ್ಲ.

ಮೊದಲು ಏನೂ ಜೋಡಿಸದೆ 4 ವೋಲ್ಟ್ ಹೊಂದಿಸಿ. ಕರೆಂಟಿನ ಸ್ಕ್ರೂ ಪೂರ್ತಿ ಇಳಿಸಿ, ಮಲ್ಟಿಮೀಟರನ್ನ 10 ಆಂಪಿಯರ್ ರೇಂಜಿಗಿಟ್ಟು ಔಟ್‌ಪುಟ್ಟಿಗೆ ಅಡ್ಡ ಹಿಡಿದು, 0.2 ಆಂಪಿಯರ್ ಬರುವವರೆಗೆ ನಿಧಾನ ತಿರುಗಿಸಿ. ಹೊಸ ಬೋರ್ಡನ್ನ, ಸಿಮ್ ಮಾಡ್ಯೂಲ್ ಹಾಕದೆ, ಮೊದಲ ಸಲ ಈ ಮಿತಿಯಲ್ಲೇ ಚಾಲೂ ಮಾಡಬೇಕು. ಎಲ್ಲೋ ಬೆಸುಗೆ ಶಾರ್ಟ್ ಆಗಿದ್ದರೆ ವೋಲ್ಟೇಜ್ ಬಿದ್ದು ಸುಮ್ಮನಾಗುತ್ತದೆ, ಹೊಗೆ ಬರೋದಿಲ್ಲ. ಎಲ್ಲ ಸರಿ ಅನಿಸಿದ ಮೇಲೆ ಮಿತಿಯನ್ನ 2.5ಕ್ಕೆ ಏರಿಸಿ, ಮಾಡ್ಯೂಲ್ ಹಾಕಿ, ಫೋನ್ ಹಚ್ಚಿ ನೋಡಿ.

ಬೋರ್ಡ್ ಬೆಂಚಿನ ಮೇಲಿರುವಾಗ ರಿಲೇಗೆ ಮೋಟಾರಿನ ಲೈನ್ ಮಾತ್ರ ಕೊಡಬೇಡಿ. ಅಲ್ಲಿರೋದು 415 ವೋಲ್ಟ್.