ದತ್ತಿಯ ದೀಪ ಯಾವ ಎಣ್ಣೆಯಿಂದ ಉರಿಯಬೇಕು?

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನವು ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದ್ದು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿನ ಶಾಲೆಯಲ್ಲಿ ಓದುತ್ತಿದ್ದರೆಂಬುದನ್ನೂ, ಅವರ ವಸತಿಗೆ ಮನೆಗಳನ್ನು, ಶಾಲೆಯ ನಿರ್ವಾಹಕ್ಕೆ ಭೂಮಿಯನ್ನು, ದೀಪಗಳ ವೆಚ್ಚಕ್ಕೆಂದೇ ಪ್ರತ್ಯೇಕ ಭೂಮಿಯನ್ನು ದತ್ತಿಯಾಗಿ ಬಿಟ್ಟುಕೊಟ್ಟದ್ದನ್ನೂ ಅದು ದಾಖಲಿಸುತ್ತದೆ. ಕನ್ನಡ ವಿಭಾಗದಲ್ಲಿ ಶಾಸನಗಳನ್ನು ಓದುವ ವಿದ್ಯಾರ್ಥಿಗಳಿಗೆ ದತ್ತಿಶಾಸನಗಳ ಸಾಮಾನ್ಯ ರಚನೆ ಪರಿಚಿತವೇ. ಕೊಟ್ಟವರಾರು, ಪಡೆದವರಾರು, ಯಾವ ಭೂಮಿ, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಬಂದ ಉತ್ಪನ್ನ ಯಾವುದಕ್ಕೆ ಸಲ್ಲಬೇಕು ಎಂಬ ವಿವರಗಳೆಲ್ಲ ಎಲ್ಲರೂ ಕಾಣುವಂತೆ ಕಲ್ಲಿನ ಮೇಲೆ ಕೆತ್ತಲ್ಪಡುತ್ತಿದ್ದವು. ವಿದ್ಯೆಗೆ ಬಿಟ್ಟ ಸಂಪತ್ತು ಎಲ್ಲಿದೆಯೆಂಬುದು ಊರಿಗೆ ತಿಳಿದಿರಬೇಕೆಂಬ ತತ್ತ್ವ ಅದರಲ್ಲಿ ಅಡಗಿತ್ತು.

ಕಳೆದ ಒಂದೂವರೆ ದಶಕದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ವಿದ್ಯಾರ್ಥಿಗಳು ತಮ್ಮ ವಿಶ್ವವಿದ್ಯಾಲಯಗಳ ಮುಂದಿಟ್ಟ ಬೇಡಿಕೆಯನ್ನು ಈ ತತ್ತ್ವದ ಬೆಳಕಿನಲ್ಲಿ ನೋಡಿದರೆ ಅದು ಅಷ್ಟೊಂದು ಅಪರಿಚಿತವೆನಿಸುವುದಿಲ್ಲ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳು ದಾನಿಗಳಿಂದ ಬಂದ ಮೂಲಧನವನ್ನು ಕರಗಿಸದೆ ಷೇರು, ಬಾಂಡು, ನಿಧಿಗಳಲ್ಲಿ ಹೂಡಿ, ಅದರ ಆದಾಯದಿಂದ ವಿದ್ಯಾರ್ಥಿವೇತನವನ್ನೂ ಅಧ್ಯಾಪಕರ ಸಂಬಳವನ್ನೂ ಕೊಡುತ್ತವೆ. ಹಾರ್ವರ್ಡ್ ವಿಶ್ವವಿದ್ಯಾಲಯದ ದತ್ತಿನಿಧಿ 2020ರ ವೇಳೆಗೆ 4,000 ಕೋಟಿ ಡಾಲರನ್ನು ಮೀರಿತ್ತು. ಇಂತಹ ನಿಧಿಗಳ ಒಂದು ಪಾಲು ಕಲ್ಲಿದ್ದಲು, ತೈಲ ಮತ್ತು ಅನಿಲ ಕಂಪನಿಗಳಲ್ಲಿ ಇತ್ತು. ಅದನ್ನು ಹಿಂತೆಗೆಯಬೇಕೆಂಬುದೇ ವಿದ್ಯಾರ್ಥಿಗಳ ಬೇಡಿಕೆ.

ಚಳವಳಿಯ ಆರಂಭ ಸಣ್ಣದು. ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿಗಳು, ಕಲ್ಲಿದ್ದಲಿಗಾಗಿ ಬೆಟ್ಟಗಳ ನೆತ್ತಿಯನ್ನೇ ಸಿಡಿಸಿ ತೆಗೆಯುತ್ತಿದ್ದ ಅಪಲಾಚಿಯ ಪ್ರದೇಶದ ಜನರ ಪಾಡನ್ನು ಕಂಡು, ತಮ್ಮ ಕಾಲೇಜಿನ ಹಣಕ್ಕೂ ಆ ಗಣಿಗಳಿಗೂ ಇರುವ ನಂಟನ್ನು ಪ್ರಶ್ನಿಸಿದರು. 2012ರ ಜುಲೈಯಲ್ಲಿ ಲೇಖಕ ಬಿಲ್ ಮೆಕಿಬೆನ್ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಬರೆದ ಲೇಖನವು ಈ ಪ್ರಶ್ನೆಗೆ ಅಂಕಿಗಳ ಬಲವನ್ನು ಒದಗಿಸಿತು. ತಾಪಮಾನದ ಏರಿಕೆ 2 ಡಿಗ್ರಿಯೊಳಗೆ ಉಳಿಯಬೇಕಾದರೆ ಅಂದಿನಿಂದ ಶತಮಾನದ ಮಧ್ಯಭಾಗದವರೆಗೆ ಸುಮಾರು 565 ಗಿಗಾಟನ್ ಇಂಗಾಲದ ಡೈಆಕ್ಸೈಡಿಗಷ್ಟೇ ಅವಕಾಶವಿತ್ತು. ಕಂಪನಿಗಳೂ ತೈಲ ರಾಷ್ಟ್ರಗಳೂ ತಮ್ಮ ಸೊತ್ತೆಂದು ಲೆಕ್ಕದಲ್ಲಿ ತೋರಿಸಿದ್ದ ನಿಕ್ಷೇಪಗಳು ಉರಿದರೆ ಹೊರಬರುವುದು 2,795 ಗಿಗಾಟನ್. ಅಂದರೆ ಲೆಕ್ಕಪುಸ್ತಕದಲ್ಲಿದ್ದ ಸಂಪತ್ತಿನ ಐದರಲ್ಲಿ ನಾಲ್ಕು ಪಾಲು ಭೂಮಿಯೊಳಗೇ ಉಳಿದರೆ ಮಾತ್ರ ಭೂಮಿಯ ಮೇಲಿನವರಿಗೆ ಕ್ಷೇಮ ಎಂಬುದು ಆ ಲೆಕ್ಕದ ತಾತ್ಪರ್ಯ.

ಉತ್ತರ ಸುಲಭವಾಗಿ ದೊರೆಯಲಿಲ್ಲ. ಮೇನ್ ರಾಜ್ಯದ ಪುಟ್ಟ ಯೂನಿಟಿ ಕಾಲೇಜು 2012ರಲ್ಲಿಯೇ ಒಪ್ಪಿತು. 2014ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಯುರೋಪಿನಲ್ಲಿ ಮೊದಲನೆಯದಾಗಿ ಈ ಹೆಜ್ಜೆಯಿಟ್ಟಿತು. ಹಾರ್ವರ್ಡ್ ಮಾತ್ರ ಬಹುಕಾಲ ಮಣಿಯಲಿಲ್ಲ. 2012ರ ಮತದಾನದಲ್ಲಿ ಭಾಗವಹಿಸಿದ ಪದವಿ ವಿದ್ಯಾರ್ಥಿಗಳಲ್ಲಿ ಶೇ. 72ರಷ್ಟು ಜನ ಬೇಡಿಕೆಯನ್ನು ಬೆಂಬಲಿಸಿದರೂ, ಮರುವರ್ಷ ಅಧ್ಯಕ್ಷೆ ಡ್ರೂ ಫೌಸ್ಟ್, ದತ್ತಿನಿಧಿಯಿರುವುದು ವಿದ್ಯೆಯ ಕಾರ್ಯಕ್ಕೇ ಹೊರತು ಸಾಮಾಜಿಕ, ರಾಜಕೀಯ ಬದಲಾವಣೆಯ ಸಾಧನವಾಗಲಿಕ್ಕಲ್ಲ ಎಂಬ ನಿಲುವನ್ನು ತಳೆದರು. 2019ರ ನವೆಂಬರಿನಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವಿನ ವಾರ್ಷಿಕ ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಎರಡೂ ಕಡೆಯ ವಿದ್ಯಾರ್ಥಿಗಳು ಮೈದಾನದ ನಡುವೆ ಒಟ್ಟಿಗೆ ಕುಳಿತರು. 2020ರ ಫೆಬ್ರವರಿಯಲ್ಲಿ ಕಲೆ ಮತ್ತು ವಿಜ್ಞಾನ ವಿಭಾಗಗಳ ಅಧ್ಯಾಪಕರು 179-20 ಮತಗಳಿಂದ ವಿದ್ಯಾರ್ಥಿಗಳ ಪಕ್ಷ ವಹಿಸಿದರು. 2021ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಾರೆನ್ಸ್ ಬ್ಯಾಕೋ, ಪಳೆಯುಳಿಕೆ ಇಂಧನವನ್ನು ಶೋಧಿಸುವ ಕಂಪನಿಗಳಲ್ಲಿ ನೇರ ಹೂಡಿಕೆ ಇಲ್ಲ, ಮುಂದೆಯೂ ಮಾಡುವ ಉದ್ದೇಶವಿಲ್ಲ, ಪರೋಕ್ಷವಾಗಿ ಉಳಿದಿರುವ ಹಳೆಯ ಹೂಡಿಕೆ ನಿಧಿಯ ಶೇ. 2ಕ್ಕಿಂತ ಕಡಿಮೆ, ಅದೂ ಕ್ರಮೇಣ ಮುಗಿಯುವುದೆಂದು ಪ್ರಕಟಿಸಿದರು. ಆ ಪತ್ರದಲ್ಲಿ ‘ಹಿಂತೆಗೆತ’ ಎಂಬ ಅರ್ಥದ ಶಬ್ದವನ್ನು ಅವರು ಬಳಸಲಿಲ್ಲ. ಶಬ್ದವನ್ನು ಬಿಟ್ಟರೂ ಅರ್ಥವನ್ನು ತಪ್ಪಿಸಲಾಗಲಿಲ್ಲವೆಂಬುದನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು.

ಈ ಚಳವಳಿಯ ವಿರುದ್ಧ ಹೇಳಲಾಗುವ ಮಾತುಗಳು ಹುರುಳಿಲ್ಲದವೇನಲ್ಲ. ಒಂದು ವಿಶ್ವವಿದ್ಯಾಲಯ ಮಾರಿದ ಷೇರನ್ನು ಮತ್ತೊಬ್ಬರು ಕೊಳ್ಳುತ್ತಾರೆ. ಒಂದು ಬ್ಯಾರೆಲ್ ತೈಲವೂ ಅದರಿಂದ ಭೂಮಿಯಲ್ಲಿ ಉಳಿಯುವುದಿಲ್ಲ. ಷೇರುದಾರನಾಗಿ ಉಳಿದರೆ ಸಭೆಯಲ್ಲಿ ಪ್ರಶ್ನಿಸುವ ಹಕ್ಕಾದರೂ ಇರುತ್ತದೆ, ಮಾರಿದವನಿಗೆ ಅದೂ ಇಲ್ಲ. ಇದಲ್ಲದೆ, ಕಲ್ಲಿದ್ದಲಿನ ಶಾಖದಲ್ಲಿ ಬೆಚ್ಚಗೆ ಕುಳಿತು ಕಲ್ಲಿದ್ದಲನ್ನು ನಿಂದಿಸುವುದು ಎಷ್ಟು ಸರಿ ಎಂಬ ಆಕ್ಷೇಪವೂ ಇದೆ. ಮೊದಲನೆಯ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಷೇರು ಮಾರುವುದರಿಂದ ಕಂಪನಿಯ ಬೊಕ್ಕಸ ಬರಿದಾಗದು. ಆದರೆ ಗೌರವಾನ್ವಿತ ಸಂಸ್ಥೆಗಳು ಒಂದೊಂದಾಗಿ ದೂರ ಸರಿದಾಗ, ಆ ಉದ್ಯಮ ಸಮಾಜದಲ್ಲಿ ಪ್ರಶ್ನಾತೀತವಾಗಿ ಉಳಿಯುವುದಿಲ್ಲ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿಯ ವಿರುದ್ಧ ಇದೇ ಬಗೆಯ ಹೋರಾಟ ನಡೆದು, ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ 1986ರಲ್ಲಿ ಸುಮಾರು 300 ಕೋಟಿ ಡಾಲರ್ ಹೂಡಿಕೆಯನ್ನು ಹಿಂತೆಗೆಯಲು ತೀರ್ಮಾನಿಸಿತು. ವರ್ಣಭೇದ ಅಳಿದದ್ದು ಅದೊಂದರಿಂದಲೇ ಅಲ್ಲ. ಆದರೆ 1990ರಲ್ಲಿ ಸೆರೆಯಿಂದ ಹೊರಬಂದ ನೆಲ್ಸನ್ ಮಂಡೇಲ ಕ್ಯಾಲಿಫೋರ್ನಿಯಕ್ಕೆ ಹೋದಾಗ ಆ ವಿದ್ಯಾರ್ಥಿಗಳನ್ನು ಸ್ಮರಿಸಿದರೆಂಬುದನ್ನು ಮರೆಯಲಾಗದು.

ಎರಡನೆಯ ಆಕ್ಷೇಪವನ್ನು ಅನುಭವದಿಂದ ಅಳೆಯಬೇಕು. ಕಾರಿನ ಕಂಪನಿಗೆ ಒಳ್ಳೆಯ ಕಾರನ್ನು ಮಾಡೆಂದು ಷೇರುದಾರರು ಹೇಳಬಹುದು. ಅಗೆಯುವುದೇ ವ್ಯಾಪಾರವಾದ ಕಂಪನಿಗೆ ಅಗೆಯಬೇಡವೆಂದು ಹೇಳಿ ಒಪ್ಪಿಸುವುದು ಹಾಗಲ್ಲ. ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರ. ಅದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ.

ಸೊಲ್ಲಾಪುರದ ಬಳಿಯ ಫತಾಟೆವಾಡಿಯಲ್ಲಿ ಎನ್‌ಟಿಪಿಸಿಯ 1,320 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿದೆ. ಗಡಿಯಾಚೆ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಅದೇ ಸಂಸ್ಥೆಯ 2,400 ಮೆಗಾವಾಟ್ ಸ್ಥಾವರವಿದೆ. ಎರಡೂ ಉರಿಸುವುದು ಕಲ್ಲಿದ್ದಲನ್ನೇ. ಸಾಲೋಟಗಿಯ ಪ್ರಾಚೀನ ವಿದ್ಯಾಕೇಂದ್ರವಿದ್ದ ನೆಲ ಇವೆರಡರ ನಡುವಿನ ಸೀಮೆಯಲ್ಲಿಯೇ ಬರುತ್ತದೆ. ಅಂದು ದೀಪಕ್ಕೆ ಭೂಮಿ ಬಿಟ್ಟಿದ್ದ ನಾಡಿನಲ್ಲಿ ಇಂದು ವಸತಿನಿಲಯದ ವಿದ್ಯಾರ್ಥಿನಿ ರಾತ್ರಿ ಓದುವುದು ಬಹುಪಾಲು ಕಲ್ಲಿದ್ದಲಿನ ಬೆಳಕಿನಲ್ಲಿ. ದೇಶದಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಬರುವುದು ಅದರಿಂದಲೇ. ಅವಳಿಗೆ ಆ ದೀಪವನ್ನು ಆರಿಸೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ಬರುವ ಇಂಗಾಲದ ಹೊರೆ ಭಾರತೀಯನೊಬ್ಬನದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಮೊದಲ ಹೆಜ್ಜೆ ಅಲ್ಲಿಯೇ ಆಗಬೇಕಾದದ್ದು ನ್ಯಾಯ. ಆದರೆ ಬೇಸಿಗೆಯ ಬಿಸಿಲು ಲೆಕ್ಕ ಕೇಳಿ ಸುಡುವುದಿಲ್ಲ. ಭೀಮೆಯ ನೀರು ತಗ್ಗಿದಾಗ ಕೊಡ ಹಿಡಿದು ಕಾಯುವವಳೂ, ಮಳೆ ತಪ್ಪಿದಾಗ ತೊಗರಿ ಒಣಗುವುದನ್ನು ನೋಡುವವಳೂ ಆ ವಿದ್ಯಾರ್ಥಿನಿಯ ಮನೆಯವರೇ. ಕಡಿಮೆ ತಪ್ಪು ಮಾಡಿದವರು ಹೆಚ್ಚು ತೆರುವ ಈ ವ್ಯವಹಾರದಲ್ಲಿ ಮೌನವಾಗಿರುವುದೂ ಒಂದು ಹೂಡಿಕೆಯೇ.

ಹಾಗೆಂದು ಹಾರ್ವರ್ಡಿನ ಘೋಷಣೆಯನ್ನು ಅನುವಾದಿಸಿ ಇಲ್ಲಿ ಕೂಗುವುದರಿಂದ ಪ್ರಯೋಜನವಿಲ್ಲ. ಇಲ್ಲಿನ ಕಾಲೇಜುಗಳು ನಡೆಯುವುದು ಮುಖ್ಯವಾಗಿ ಸರಕಾರದ ಅನುದಾನದಿಂದ, ವಿದ್ಯಾರ್ಥಿಗಳ ಶುಲ್ಕದಿಂದ. ಹಿಂತೆಗೆಯಲು ಅಂತಹ ದತ್ತಿನಿಧಿಯೇ ಇಲ್ಲ. ಕಲ್ಲಿದ್ದಲಿನ ದೊಡ್ಡ ಕಂಪನಿ ಸರಕಾರದ್ದೇ. ಅನುವಾದವಾಗಬೇಕಾದದ್ದು ಘೋಷಣೆಯಲ್ಲ, ಪ್ರಶ್ನೆ. ಕಾಲೇಜಿನ ವಿದ್ಯುತ್ ಬಿಲ್ಲು ಎಷ್ಟು, ಮಾಳಿಗೆಯ ಮೇಲೆ ಬೀಳುವ ವರ್ಷವಿಡೀ ಬಿಸಿಲು ಯಾಕೆ ವ್ಯರ್ಥವಾಗುತ್ತಿದೆ, ಸ್ಥಾವರದ ಹಾರುಬೂದಿ ಯಾವ ಊರಿನ ಹೊಲದ ಮೇಲೆ ಕೂರುತ್ತದೆ, ಮುಂದೊಂದು ದಿನ ಸ್ಥಾವರ ಮುಚ್ಚಿದರೆ ಅದನ್ನೇ ನಂಬಿದ ಗುತ್ತಿಗೆ ಕಾರ್ಮಿಕರಿಗೆ ಯಾವ ಕೆಲಸ ಕಾದಿದೆ? ಈ ಪ್ರಶ್ನೆಗಳನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಕೇಳಬಲ್ಲ ಗಡಿನಾಡಿನ ವಿದ್ಯಾರ್ಥಿಗೆ ಎರಡು ರಾಜ್ಯಗಳ ಊರುಗಳ ಮಾತು ತಿಳಿಯುತ್ತದೆ. ಹೊಗೆಗೆ ಗಡಿಯಿಲ್ಲವಾದ್ದರಿಂದ ಆ ಸಾಮರ್ಥ್ಯ ಸಣ್ಣದಲ್ಲ.

ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದು ತನ್ನೊಬ್ಬನ ಬಾಯಾರಿಕೆಗಲ್ಲ. ಎಂಟು ಶತಮಾನಗಳ ಬಳಿಕವೂ ಆ ಕೆರೆ ಸೊಲ್ಲಾಪುರದ ನಡುವೆ ಇದೆ. ಮುಂದೆ ಬರುವವರ ಪಾಲನ್ನು ಇಂದೇ ಎತ್ತಿಡುವುದು ಈ ನೆಲಕ್ಕೆ ಹೊಸ ಮಾತಲ್ಲ. ಹಾರ್ವರ್ಡಿನ ವಿದ್ಯಾರ್ಥಿಗಳು ಒಂಬತ್ತು ವರ್ಷ ಕೇಳಿದರು. ಮೊದಲು ಕೇಳಿದವರು ಪದವಿ ಪಡೆದು ಹೋದ ಮೇಲೆ ಉತ್ತರ ಬಂತು. ತಾನು ಕಾಣದ ಉತ್ತರಕ್ಕಾಗಿ ಪ್ರಶ್ನೆ ಕೇಳುವುದನ್ನು ಕಲಿಸಿದರೆ ಕಾಲೇಜು ತನ್ನ ಅತಿದೊಡ್ಡ ದತ್ತಿಯನ್ನು ಉಳಿಸಿಕೊಂಡಂತೆಯೇ.